44ಕ್ಕೇ ಮುಟ್ಟು ಏರುಪೇರು, ರಾತ್ರಿ ಬೆವರು, ಸಿಟ್ಟು: ಇದು ಮುಟ್ಟು ನಿಲ್ಲುವ ಸೂಚನೆಯಾ?

ನಿಮ್ಮ ಪ್ರಶ್ನೆ ಓದಿದೆ. ವಯಸ್ಸು 44, ಐದಾರು ತಿಂಗಳಿಂದ ಮುಟ್ಟು ಹಿಂದೆ ಮುಂದೆ ಆಗುತ್ತಿದೆ, ರಾತ್ರಿ ಇದ್ದಕ್ಕಿದ್ದಂತೆ ಬೆವರುತ್ತೀರಿ, ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗುತ್ತೀರಿ. ಇಷ್ಟು ಬೇಗ ಮೆನೋಪಾಸ್ ಬರುತ್ತಾ, ಡಾಕ್ಟರ್ ಹತ್ತಿರ ಹೋಗಬೇಕಾ, ಇಲ್ಲ ಸಹಿಸಿಕೊಂಡರೆ ತಾನೇ ಸರಿಹೋಗುತ್ತಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ, ತುಮಕೂರಿನಲ್ಲಿ ಹೈಸ್ಕೂಲ್ ಟೀಚರ್. ಈಗ 53. ಮುಟ್ಟು ನಿಂತು ಮೂರು ವರ್ಷದ ಮೇಲಾಯಿತು. ನನಗೆ ಆದದ್ದು, ಡಾಕ್ಟರ್ ಹೇಳಿದ್ದು, ಆಮೇಲೆ ಓದಿಕೊಂಡಿದ್ದು ಎಲ್ಲ ಸೇರಿಸಿ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ವಯಸ್ಸಿನ ಮಾತು. ಬೇಗ ಏನೂ ಅಲ್ಲ. ನಮ್ಮ ದೇಶದ ಹೆಂಗಸರಿಗೆ ಮುಟ್ಟು ಪೂರ್ತಿ ನಿಲ್ಲುವ ಸರಾಸರಿ ವಯಸ್ಸೇ 46-47ರ ಆಸುಪಾಸು. ನೆಟ್‌ನಲ್ಲಿ ಹುಡುಕಿದರೆ ಕಾಣುವ 51 ಅಮೆರಿಕ, ಯುರೋಪಿನ ಲೆಕ್ಕ. ನಿಲ್ಲುವ ಮುಂಚೆ ಏರುಪೇರಿನ ಕಾಲ ಒಂದಿರುತ್ತದೆ, ಅದೇ ಪೆರಿಮೆನೋಪಾಸ್. ಸಾಮಾನ್ಯವಾಗಿ ನಾಲ್ಕು ವರ್ಷ, ಕೆಲವರಿಗೆ ಏಳೆಂಟು ವರ್ಷ ಎಳೆಯುತ್ತದೆ. ಹಾಗಾಗಿ 44ರಲ್ಲಿ ಶುರುವಾಗುವುದು ಮಾಮೂಲು. 40ರ ಒಳಗೆ ನಿಲ್ಲುವ ಸೂಚನೆ ಕಂಡರೆ ಮಾತ್ರ ತಡಮಾಡದೆ ತೋರಿಸಬೇಕು, ಅದಕ್ಕೆ ಕಾರಣ ಹುಡುಕಬೇಕಾಗುತ್ತದೆ. ನಿಮ್ಮ ಅಮ್ಮನಿಗೋ ಅಕ್ಕನಿಗೋ ಯಾವಾಗ ನಿಂತಿತು ಅಂತ ಕೇಳಿ ನೋಡಿ, ಸುಮಾರಾಗಿ ಅಂದಾಜು ಸಿಗುತ್ತದೆ.

"ನಿಂತಿತು" ಅನ್ನಬೇಕಾದರೆ 12 ತಿಂಗಳು ಸತತವಾಗಿ ಮುಟ್ಟು ಬಂದಿರಬಾರದು. ಹತ್ತು ತಿಂಗಳು ಬಾರದೆ ಹನ್ನೊಂದನೇ ತಿಂಗಳು ಬಂತೋ, ಲೆಕ್ಕ ಮತ್ತೆ ಒಂದರಿಂದ. ನನಗೂ ಹಾಗೇ ಆಯಿತು, ಅದೂ ಮನೆಯಲ್ಲಿ ಸತ್ಯನಾರಾಯಣ ಪೂಜೆಯ ಹಿಂದಿನ ದಿನ!

ನನಗೆ ಗೊತ್ತಾಗಿದ್ದು ಹೀಗೆ. ಮೊದಲು ಅಂತರ ಕಡಿಮೆಯಾಯಿತು. 28-30 ದಿನಕ್ಕೆ ಆಗುತ್ತಿದ್ದದ್ದು 23-24ಕ್ಕೇ ಬರಲು ಶುರುವಾಯಿತು. ತುಂಬಾ ಜನ ಮುಟ್ಟು ನಿಲ್ಲುವುದು ಅಂದರೆ ಮುಂದೆ ಮುಂದೆ ಹೋಗುವುದು ಅಂದುಕೊಂಡಿರುತ್ತಾರೆ, ಆದರೆ ಶುರುವಿನಲ್ಲಿ ಬಹಳ ಸಲ ಹತ್ತಿರ ಹತ್ತಿರ ಬರುತ್ತದೆ. ಆಮೇಲೆ ಒಂದು ತಿಂಗಳು ಬರಲಿಲ್ಲ, ಅದರ ಮುಂದಿನ ತಿಂಗಳು ಎರಡರಷ್ಟು ಹೋಯಿತು. ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರ, ಮತ್ತೆ ನಿದ್ದೆ ಇಲ್ಲ. ಕ್ಲಾಸಿನಲ್ಲಿ ಮೂರು ವರ್ಷದಿಂದ ನೋಡುತ್ತಿರುವ ಹುಡುಗಿಯ ಹೆಸರು ನಾಲಿಗೆ ತುದಿಯಲ್ಲೇ ನಿಂತುಬಿಡುವುದು. ಎದೆ ಢವಢವ, ಬೆಳಿಗ್ಗೆ ಎದ್ದಾಗ ಬೆರಳಿನ ಗೆಣ್ಣು ಬಿಗಿ. ಇದನ್ನೆಲ್ಲ ಒಂದೇ ದಾರಕ್ಕೆ ಪೋಣಿಸಿ ನೋಡಲು ನಮಗೆ ಯಾರೂ ಹೇಳಿಕೊಟ್ಟಿರುವುದಿಲ್ಲ, ಅಲ್ವಾ? ಮೊದಲ ಸಲ ಮುಟ್ಟಾದಾಗ ಆರತಿ ಮಾಡಿ ಊರಿಗೆಲ್ಲ ಹೇಳುವ ನಾವು ಇದರ ಬಗ್ಗೆ ಮಾತ್ರ ಬಾಯಿ ಬಿಡುವುದಿಲ್ಲ.

ಬಿಸಿ ಏರುವುದು ಸೆಖೆಯ ಹಾಗಲ್ಲ. ಎದೆಯಿಂದ ಶುರುವಾಗಿ ಕುತ್ತಿಗೆ, ಮುಖ, ಕಿವಿಯ ತನಕ ಹತ್ತುತ್ತದೆ, ಎರಡು ಮೂರು ನಿಮಿಷ ಇದ್ದು ಬೆವರು ಹರಿಸಿ ಇಳಿಯುತ್ತದೆ, ಆಮೇಲೆ ಚಳಿ. ಈಸ್ಟ್ರೋಜೆನ್ ಅನ್ನುವ ಹೆಣ್ಣಿನ ಹಾರ್ಮೋನ್ ಏರಿಳಿತಕ್ಕೆ ಮೆದುಳಿನಲ್ಲಿ ಮೈಬಿಸಿ ನೋಡಿಕೊಳ್ಳುವ ಭಾಗ ಎಲೆ ಅಲುಗಿದರೂ ಬೊಗಳುವ ನಾಯಿಯ ಹಾಗೆ ಆಗಿಬಿಡುತ್ತದೆ. ಮೈ ಸ್ವಲ್ಪವೇ ಬಿಸಿಯಾದರೂ ಸಾಕು, ಬೆಂಕಿ ಬಿದ್ದಂತೆ ಬೆವರಿಸಿ ತಣ್ಣಗೆ ಮಾಡಲು ಹೊರಡುತ್ತದೆ. ಇದರಿಂದ ಅಪಾಯ ಇಲ್ಲ, ಕಾಟ ಇದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಡಾಕ್ಟರ್ ಹತ್ತಿರ ಹೋಗಬೇಕಾ. ಹೋಗಿ. ಮೆನೋಪಾಸ್ ಹೌದೋ ಅಲ್ಲವೋ ಅಂತ ಮುದ್ರೆ ಒತ್ತಿಸಲು ಅಲ್ಲ, ಅದರ ಹೆಸರಿನಲ್ಲಿ ಬೇರೇನೋ ಅಡಗಿಲ್ಲ ಅಂತ ಖಾತ್ರಿ ಮಾಡಿಕೊಳ್ಳಲು. ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ಬೆವರು, ಎದೆ ಬಡಿತ, ತೂಕ ಇಳಿಯುವುದು ಎಲ್ಲವನ್ನೂ "ವಯಸ್ಸು ಕಣ್ರೀ" ಅಂತ ತಳ್ಳಿಹಾಕುತ್ತಿದ್ದರು, ಕೊನೆಗೆ ನೋಡಿದರೆ ಥೈರಾಯ್ಡ್ ಜಾಸ್ತಿಯಾಗಿತ್ತು. ಥೈರಾಯ್ಡಿನ ಟಿಎಸ್‌ಎಚ್ ಟೆಸ್ಟ್, ಹಿಮೋಗ್ಲೋಬಿನ್, ಶುಗರ್, ಬಿಪಿ ಇಷ್ಟು ನೋಡಿಸಿ. ಮುಟ್ಟು ತಪ್ಪಿದ್ದರೆ ಪ್ರೆಗ್ನೆನ್ಸಿ ಟೆಸ್ಟ್ ಕೂಡ. ನಗಬೇಡಿ, 44ರಲ್ಲೂ ಗರ್ಭ ನಿಲ್ಲುತ್ತದೆ. ಕೊನೆಯ ಮುಟ್ಟು 50ರ ಒಳಗೆ ಆದರೆ ಆಮೇಲೆ ಎರಡು ವರ್ಷ, 50 ದಾಟಿ ಆದರೆ ಒಂದು ವರ್ಷ ಗರ್ಭನಿರೋಧಕ ಬಿಡಬೇಡಿ ಅಂತ ಡಾಕ್ಟರುಗಳು ಹೇಳುತ್ತಾರೆ.

ಎಫ್‌ಎಸ್‌ಎಚ್ ಅನ್ನುವ ಹಾರ್ಮೋನ್ ಟೆಸ್ಟಿಗೆ ದುಡ್ಡು ಹಾಕಬೇಕಾ ಅಂದರೆ, 45 ದಾಟಿದ ಮೇಲೆ ಲಕ್ಷಣ ಸ್ಪಷ್ಟ ಇದ್ದರೆ ಸಾಮಾನ್ಯವಾಗಿ ಬೇಡ. ಈ ಕಾಲದಲ್ಲಿ ಅದು ಇವತ್ತು ಏರಿ ನಾಳೆ ಇಳಿಯುತ್ತದೆ. ನಿಮ್ಮದು 44, ಹಾಗಾಗಿ ಡಾಕ್ಟರ್ ಬರೆದುಕೊಡಬಹುದು, ಆದರೆ ಒಂದೇ ರಿಪೋರ್ಟ್ ಹಿಡಿದು ಏನೂ ತೀರ್ಮಾನಿಸಬೇಡಿ. ಅದಕ್ಕಿಂತ ನಿಮ್ಮ ಗೋಡೆಯ ಕ್ಯಾಲೆಂಡರ್ ಜಾಸ್ತಿ ಹೇಳುತ್ತದೆ. ಯಾವ ದಿನ ಬಂತು, ಎಷ್ಟು ದಿನ ಇತ್ತು, ದಿನಕ್ಕೆ ಎಷ್ಟು ಪ್ಯಾಡ್, ಗಡ್ಡೆ ಹೋಯಿತಾ, ರಾತ್ರಿ ಬೆವರಿತಾ, ಅಷ್ಟು ಬರೆದಿಡಿ ಸಾಕು. ಒಂದು ವಿಷಯ: ಹಬ್ಬಕ್ಕೆ, ಮದುವೆಗೆ, ಧರ್ಮಸ್ಥಳದ ಟ್ರಿಪ್ಪಿಗೆ ಅಂತ ಮುಟ್ಟು ಮುಂದೂಡುವ ಮಾತ್ರೆ ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗುವ ಅಭ್ಯಾಸ ಇದ್ದರೆ ನಿಲ್ಲಿಸಿ. ಅದೂ ಹಾರ್ಮೋನೇ. ನಿಮ್ಮ ಲೆಕ್ಕ ಕಲಸಿಹೋಗುತ್ತದೆ, ಮೇಲಾಗಿ ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರಿಗೆ ಅದು ಒಳ್ಳೆಯದಲ್ಲ.

ನಾನು ನಿಜವಾಗಿ ಹೇಳಬೇಕು ಅಂದುಕೊಂಡಿದ್ದು ರಕ್ತಸ್ರಾವದ ಬಗ್ಗೆ. ಬೆವರು, ಸಿಟ್ಟಿನ ಬಗ್ಗೆ ಎಲ್ಲರೂ ಬರೆಯುತ್ತಾರೆ. ಆದರೆ ಈ ವಯಸ್ಸಿನಲ್ಲಿ ಹೆಂಗಸರನ್ನು ನೆಲಕ್ಕೆ ಕೆಡವುವುದು ಇದು. ಅಂಡಾಣು ಬಿಡುಗಡೆ ಆಗದ ತಿಂಗಳು ಪ್ರೊಜೆಸ್ಟರಾನ್ ಅನ್ನುವ ಇನ್ನೊಂದು ಹಾರ್ಮೋನ್ ಸರಿಯಾಗಿ ತಯಾರಾಗುವುದಿಲ್ಲ, ಗರ್ಭಕೋಶದ ಒಳಪದರ ಸುಮ್ನೆ ದಪ್ಪ ಆಗುತ್ತಾ ಹೋಗುತ್ತದೆ, ಆಮೇಲೆ ಒಂದು ದಿನ ಗಡ್ಡೆ ಗಡ್ಡೆಯಾಗಿ ಸುರಿಯುತ್ತದೆ. "ನಿಲ್ಲುವ ಮುಂಚೆ ಹಾಗೆ ಹೋಗುತ್ತೆ, ಹೋಗಲಿ ಬಿಡು, ಕೆಟ್ಟ ರಕ್ತ" ಅಂತ ನಮ್ಮ ಓರಗಿತ್ತಿ ಹೇಳಿದರು. ಕೆಟ್ಟ ರಕ್ತವೂ ಇಲ್ಲ, ಒಳ್ಳೆ ರಕ್ತವೂ ಇಲ್ಲ. ಇರುವುದು ಒಂದೇ ರಕ್ತ, ನನ್ನ ಹಿಮೋಗ್ಲೋಬಿನ್ ಎಂಟರ ಹತ್ತಿರ ಇಳಿದಿತ್ತು. ಇರಬೇಕಾದ್ದು 12. ಸ್ಕೂಲಿನ ಮೆಟ್ಟಿಲು ಹತ್ತಿದರೆ ಏದುಸಿರು. ಆ ಸುಸ್ತು, ಆ ಸಿಟ್ಟು, ಆ ಮರೆವಿನಲ್ಲಿ ಎಷ್ಟೋ ಪಾಲು ರಕ್ತ ಕಡಿಮೆ ಆದದ್ದರಿಂದ ಅಂತ ಕಬ್ಬಿಣದ ಮಾತ್ರೆ ತಗೊಂಡ ಮೇಲೆ ಗೊತ್ತಾಯಿತು.

ಗಂಟೆಗೊಂದು ಪ್ಯಾಡ್ ನೆನೆದರೆ, ಏಳು ದಿನ ದಾಟಿದರೂ ನಿಲ್ಲದಿದ್ದರೆ, ಎರಡು ಮುಟ್ಟಿನ ನಡುವೆ ಕಂಡರೆ, ಗಂಡ ಹೆಂಡತಿ ಸೇರಿದ ಮೇಲೆ ರಕ್ತ ಕಂಡರೆ ಕಾಯಬೇಡಿ. ಇನ್ನೊಂದನ್ನು ಜೀವನಪೂರ್ತಿ ನೆನಪಿಡಿ: ಒಂದು ವರ್ಷ ನಿಂತು ಆಮೇಲೆ ಒಂದು ತೊಟ್ಟು ಕಂಡರೂ ಸ್ಕ್ಯಾನ್ ಮಾಡಿಸಬೇಕು. ಬಹಳ ಸಲ ಏನೂ ಇರುವುದಿಲ್ಲ, ಆದರೆ ಗರ್ಭಕೋಶದ ಕ್ಯಾನ್ಸರ್ ಶುರುವಿನಲ್ಲೇ ಸಿಗುವುದು ಹೀಗೇ.

ನಾನು ಮೊದಲು ಹೋದ ನರ್ಸಿಂಗ್ ಹೋಮಿನಲ್ಲಿ ಸ್ಕ್ಯಾನ್ ನೋಡಿ, ಚಿಕ್ಕದೊಂದು ಫೈಬ್ರಾಯ್ಡ್ (ಕ್ಯಾನ್ಸರ್ ಅಲ್ಲದ ಗಂಟು) ಇದೆ, ಮಕ್ಕಳಾಗಿವೆ, ಇನ್ನೇನು ಕೆಲಸ ಗರ್ಭಕೋಶಕ್ಕೆ, ತೆಗೆದುಬಿಡೋಣ ಅಂದರು. ಮುಂದಿನ ವಾರಕ್ಕೇ ದಿನ ಕೊಟ್ಟರು. ನನ್ನ ತಂಗಿ ಪಟ್ಟು ಹಿಡಿದು ಇನ್ನೊಬ್ಬ ಡಾಕ್ಟರಿಗೆ ತೋರಿಸಿದಳು. ಅವರು ಒಳಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು, ಏನೂ ಇಲ್ಲ ಅಂತ ಬಂದ ಮೇಲೆ ರಕ್ತ ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಮಾತ್ರೆ ಕೊಟ್ಟರು, ಆಮೇಲೆ ಹಾರ್ಮೋನ್ ಇರುವ ಕಾಪರ್‌ಟಿ ಥರದ್ದೊಂದು ಒಳಗೆ ಇಟ್ಟರು, ಮಿರೆನಾ ಅಂತ. ಫೈಬ್ರಾಯ್ಡ್ ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನೇ ಕುಗ್ಗುತ್ತದೆ, ನನ್ನದೂ ಕುಗ್ಗಿತು. ಗರ್ಭಕೋಶ ತೆಗೆಯಲೇಬೇಕಾದ ಕಾಯಿಲೆಗಳೂ ಇವೆ, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ನಮ್ಮ ರಾಜ್ಯದಲ್ಲೇ ಕಲಬುರಗಿ ಕಡೆಯ ತಾಂಡಾಗಳಲ್ಲಿ ಹೊಟ್ಟೆನೋವು, ಬಿಳಿಸೆರಗು ಅಂತ ಬಂದ ಬಡ ಹೆಂಗಸರಿಗೆ ಬೇಡದ ಆಪರೇಷನ್ ಮಾಡಿದ್ದು ಪೇಪರಿನಲ್ಲಿ ಬಂತು, 2023ರಲ್ಲಿ ಸುಪ್ರೀಂ ಕೋರ್ಟೇ ಬೇಡದ ಗರ್ಭಕೋಶ ಆಪರೇಷನ್ ತಡೆಯಲು ಎಲ್ಲ ರಾಜ್ಯಗಳಿಗೂ ಸೂಚನೆ ಕೊಟ್ಟಿತು. ಅದಕ್ಕೇ ಹೇಳುವುದು, ಎರಡನೇ ಅಭಿಪ್ರಾಯ ಕೇಳದೆ ಸಹಿ ಹಾಕಬೇಡಿ. ತೆಗೆಯುವುದೇ ಆದರೆ ಅಂಡಾಶಯ ಉಳಿಸುತ್ತೀರಾ ಅಂತ ಬಾಯಿಬಿಟ್ಟು ಕೇಳಿ. ಎರಡೂ ಅಂಡಾಶಯ ಹೋದರೆ ಆ ದಿನವೇ ಮೆನೋಪಾಸ್, ನಿಧಾನವಾಗಿ ಒಗ್ಗಿಕೊಳ್ಳುವ ಕಾಲವೇ ಸಿಗುವುದಿಲ್ಲ.

ಬೆವರಿಗೆ ಏನು ಮಾಡಿದೆ? ಹತ್ತಿ ನೈಟಿ, ಹಾಸಿಗೆ ಪಕ್ಕ ಟೇಬಲ್ ಫ್ಯಾನ್, ರಾತ್ರಿ ಊಟ ಬೇಗ, ಖಾರ ಕಡಿಮೆ. ಸಂಜೆಯ ಕಾಫಿ ಬಿಟ್ಟದ್ದು ನಿದ್ದೆಗೆ ನಿಜವಾಗಲೂ ಸಹಾಯ ಮಾಡಿತು, ಬಿಡುವುದಕ್ಕೆ ಮಾತ್ರ ಜೀವ ಹೋಯಿತು. ಶತಾವರಿ ಪುಡಿ ಕುಡಿದೆ, ನನಗೆ ಏನೂ ಫರಕ್ ಕಾಣಲಿಲ್ಲ. ತೀರಾ ಜಾಸ್ತಿ ಇರುವವರಿಗೆ ಹಾರ್ಮೋನ್ ಚಿಕಿತ್ಸೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಅದರ ಹೆಸರೆತ್ತಿದರೆ ಕ್ಯಾನ್ಸರ್ ಅಂತ ಹೆದರುತ್ತಾರೆ. ಆ ಭಯ ಹುಟ್ಟಿದ್ದು 2002ರಲ್ಲಿ ಅಮೆರಿಕದ ದೊಡ್ಡದೊಂದು ಅಧ್ಯಯನದಿಂದ, ಆದರೆ ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63. 60ರ ಒಳಗೆ, ಮುಟ್ಟು ನಿಂತು ಹತ್ತು ವರ್ಷದೊಳಗೆ ಶುರುಮಾಡುವ ಆರೋಗ್ಯವಂತರಿಗೆ ಲಾಭವೇ ಹೆಚ್ಚು ಅನ್ನುವುದು ಈಗಿನ ಅಭಿಪ್ರಾಯ. ಸ್ತನ ಕ್ಯಾನ್ಸರ್ ಆದವರಿಗೆ, ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದವರಿಗೆ, ಸ್ಟ್ರೋಕ್ ಆದವರಿಗೆ, ಲಿವರ್ ಕಾಯಿಲೆ ಇರುವವರಿಗೆ ಬೇಡ. ಅವರಿಗೆ ಹಾರ್ಮೋನ್ ಇಲ್ಲದ ಮಾತ್ರೆಗಳಿವೆ. ನಾನು ತಗೊಳ್ಳಲಿಲ್ಲ, ನನ್ನ ಬೆವರು ತಡೆಯುವಷ್ಟೇ ಇತ್ತು. ತಗೊಂಡವರನ್ನು ನೋಡಿದ್ದೇನೆ, ಮತ್ತೆ ನಿದ್ದೆ ಮಾಡಿದರು.

ಯಾರೂ ಕೇಳದ ಇನ್ನೊಂದು ವಿಷಯ. ಕೆಳಗೆ ಒಣಗುವುದು, ಉರಿ, ಸೇರುವಾಗ ನೋವು, ಪದೇ ಪದೇ ಉರಿಮೂತ್ರ. ಬೆವರು ಕಾಲಕ್ರಮೇಣ ಹೋಗುತ್ತದೆ, ಇದು ತಾನಾಗಿ ಹೋಗುವುದಿಲ್ಲ, ಜಾಸ್ತಿಯೇ ಆಗುತ್ತದೆ. ಅಲ್ಲಿಗೇ ಹಚ್ಚುವ ಈಸ್ಟ್ರೋಜೆನ್ ಕ್ರೀಮ್ ಬರುತ್ತದೆ, ಡಾಕ್ಟರ್ ಬರೆದುಕೊಡಬೇಕು. ನೋವನ್ನು ಗಂಡನಿಗೆ ಹೇಳಿ. ಹೇಳದಿದ್ದರೆ ಅವರು ಬೇರೆ ಏನೋ ಅಂದುಕೊಳ್ಳುತ್ತಾರೆ.

ಸಿಟ್ಟಿಗೆ ಬರೋಣ. ನಿದ್ದೆ ಕೆಟ್ಟರೆ ಯಾರಿಗಾದರೂ ಸಿಟ್ಟು ಬರುತ್ತದೆ, ಅದರ ಮೇಲೆ ಹಾರ್ಮೋನ್. ಮಕ್ಕಳು ದೊಡ್ಡವರಿದ್ದರೆ ನೇರವಾಗಿ ಹೇಳಿ. ನಾನು ಮಗನಿಗೆ ಹೇಳಿದೆ, ಅವನು ಒಂದು ನಿಮಿಷ ಮುಜುಗರಪಟ್ಟು ಆಮೇಲೆ ಫ್ಯಾನ್ ಸ್ವಿಚ್ ಹಾಕಿದ. ಆದರೆ ಎರಡು ವಾರ ದಾಟಿದರೂ ಯಾವುದರಲ್ಲೂ ಆಸೆ ಇಲ್ಲ, ಅಳು ನಿಲ್ಲುತ್ತಿಲ್ಲ, ಸಾಯಬೇಕು ಅನ್ನಿಸುತ್ತದೆ ಅಂದರೆ ಅದನ್ನು ಮುಟ್ಟಿನ ಲೆಕ್ಕಕ್ಕೆ ಸೇರಿಸಬೇಡಿ. 14416ಕ್ಕೆ ಫೋನ್ ಮಾಡಿ, ಟೆಲಿಮಾನಸ್ ಅಂತ, ಉಚಿತ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಮೂಳೆ ವಿಷಯದಲ್ಲಿ ನಮ್ಮ ಕಡೆಯವರು ಅದೃಷ್ಟವಂತರು, ಮುದ್ದೆ ಬಿಡದಿದ್ದರೆ. ಮುಟ್ಟು ನಿಂತ ಮೊದಲ ಐದಾರು ವರ್ಷ ಮೂಳೆ ಬೇಗ ಸವೆಯುತ್ತದೆ. ನಿಂತವರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಇದೆ. ಅದರ ಜೊತೆ ಹಾಲು, ಮೊಸರು, ಎಳ್ಳಿನ ಚಟ್ನಿ, ಸೊಪ್ಪು. ಮಾತ್ರೆ ಕೊಟ್ಟಿದ್ದರೆ ಕಬ್ಬಿಣದ್ದು, ಕ್ಯಾಲ್ಸಿಯಂದು ಒಟ್ಟಿಗೆ ನುಂಗಬೇಡಿ. ಕಬ್ಬಿಣದ ಮಾತ್ರೆ ಹಿಂದೆಯೇ ಕಾಫಿ, ಟೀ ಬೇಡ. ನಡೆಯಿರಿ, ಸ್ವಲ್ಪ ಭಾರ ಎತ್ತುವ ವ್ಯಾಯಾಮವನ್ನೂ ಮಾಡಿ, ಬರೀ ಪ್ರಾಣಾಯಾಮದಿಂದ ಮೂಳೆ ಗಟ್ಟಿಯಾಗುವುದಿಲ್ಲ.

ಕೆಲಸಕ್ಕೆ ಹೋಗುತ್ತೀರಾದರೆ ಇದನ್ನೂ ಕೇಳಿಕೊಳ್ಳಿ. 2025ರಲ್ಲಿ ರಾಜ್ಯ ಸರ್ಕಾರ ತಂದ, ತಿಂಗಳಿಗೊಂದು ದಿನದ ಮುಟ್ಟಿನ ರಜೆಯ ವಯಸ್ಸಿನ ಮಿತಿ 18ರಿಂದ 52. ನನ್ನ ವಯಸ್ಸು ದಾಟಿತು, ಆದರೆ ನಿಮ್ಮಂಥವರೂ ಬರುತ್ತೀರಿ, ಅದು ಬರೀ ಹುಡುಗಿಯರಿಗೆ ಅಂತ ಸುಮ್ಮನಿರಬೇಡಿ.

ಮೊದಲು ಎಲ್ಲಿಗೆ ಹೋಗಬೇಕು ಅಂದರೆ, ಹತ್ತಿರದ ಸರ್ಕಾರಿ ಆಸ್ಪತ್ರೆಯ ಹೆಂಗಸರ ಡಾಕ್ಟರ್ ಸಾಕು, ದೊಡ್ಡ ಊರಿಗೇ ಹೋಗಬೇಕಿಲ್ಲ. ಬರೆದಿಟ್ಟ ತಾರೀಕು ತಗೊಂಡು ಹೋಗಿ, ಕೊನೆಯ ಮುಟ್ಟು ಯಾವಾಗ ಅನ್ನುವುದೇ ಅವರ ಮೊದಲ ಪ್ರಶ್ನೆ. ರಾತ್ರಿ ಬೆವರಿನ ಜೊತೆ ಸಂಜೆ ಜ್ವರ, ವಾರಗಟ್ಟಲೆ ಕೆಮ್ಮು, ತೂಕ ಇಳಿಯುವುದು ಇದ್ದರೆ ಅದನ್ನು ಮರೆಯದೆ ಹೇಳಿ, ಆಗ ಅವರು ಟಿಬಿ ಪರೀಕ್ಷೆಯನ್ನೂ ಮಾಡಿಸುತ್ತಾರೆ.