ಒಂದೇ ಪ್ಯಾಕೆಟ್ ಮೂರು ಸಲ ಬರುತ್ತಿದ್ದರೆ
ಮುನಿರಾಬಾದ್ ಕಡೆ ಡ್ಯಾಮಿನಲ್ಲಿ, ನೀರಿನೊಳಗೆ ಸದ್ದಿನ ಮೂಲಕ ಡೇಟಾ ಕಳಿಸುವ ಮೋಡೆಮ್ ಇಳಿಬಿಟ್ಟರೆ, 300 ಮೀಟರ್ ದೂರಕ್ಕೆ ಒಂದೇ ಪ್ಯಾಕೆಟ್ (ಡೇಟಾದ ಒಂದು ತುಣುಕು) ಮೂರು ಸಲ ಬರ್ತಿದೆ ಅಂದಿದ್ದೀರಿ. ತಪ್ಪು ಬಹುಶಃ ಮೋಡೆಮಿನದಲ್ಲ, ಉತ್ತರ ಬರದಿದ್ದರೆ ಮತ್ತೆ ಕಳಿಸಲಿ ಅಂತ ನೀವಿಟ್ಟ 100 ಮಿಲಿಸೆಕೆಂಡ್ ಟೈಮ್‌ಔಟಿನದು. ರೇಡಿಯೊಗೆ ಅಷ್ಟು ಸಾಕು. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಮಾತ್ರ ಹೋಗುತ್ತದೆ, ಹೋಗಿಬರಲಿಕ್ಕೇ 0.4 ಸೆಕೆಂಡ್ ಬೇಕು. ಉತ್ತರ ಇನ್ನೂ ದಾರಿಯಲ್ಲಿರುವಾಗಲೇ ನಿಮ್ಮ ಮೋಡೆಮ್ ಮತ್ತೆ ಕೂಗುತ್ತಿದೆ, ಅಲ್ವಾ?

ಮೊದಲು ಟೈಮ್‌ಔಟ್ ಏರಿಸಿ. ಆ 0.4ಕ್ಕೆ ಪ್ಯಾಕೆಟ್ ಮತ್ತು ಉತ್ತರ ಕಳಿಸಲು ಹಿಡಿಯುವ ಹೊತ್ತನ್ನೂ ಸೇರಿಸಿ, ಸ್ವಲ್ಪ ಜಾಸ್ತಿಯೇ ಇಡಿ. ಸುಮ್ನೆ ಪವರ್ ಏರಿಸಬೇಡಿ, ಪ್ರತಿಧ್ವನಿಯೂ ಅಷ್ಟೇ ಏರುತ್ತದೆ. ಆಮೇಲೆ ಹರಗೋಲಿನಿಂದ ಇಳಿಬಿಡುವಾಗ ಹಗ್ಗದ ತುದಿಗೆ ಕಲ್ಲು ಕಟ್ಟಿ, ಮೋಡೆಮ್ ಅಲ್ಲಾಡದೆ ನೀರಿನ ನಡುಮಟ್ಟದಲ್ಲಿ ನಿಲ್ಲಲಿ. ಆಗಲೂ ಡೇಟಾ ಕೆಟ್ಟು ಬಂದರೆ, ತಳಕ್ಕೂ ಮೇಲ್ಮೈಗೂ ಬಡಿದು ಬರುವ ಸದ್ದು ಕಾರಣ ಇರಬಹುದು. ಬಿಟ್ ರೇಟ್ (ಡೇಟಾ ಕಳಿಸುವ ವೇಗ) ಅರ್ಧಕ್ಕೆ ಇಳಿಸಿ ನೋಡಿ. ಸಮುದ್ರದಲ್ಲಿ 3 ಕಿಲೋಮೀಟರ್ ಅಂದರೆ ಹೋಗಿಬರಲು 4 ಸೆಕೆಂಡ್. ಅಲ್ಲಿಗೆ ಒಯ್ಯುವ ಮುಂಚೆ ಈ ಲೆಕ್ಕ ಬದಲಿಸಿಕೊಳ್ಳಿ.