ಸ್ವೀಟ್ ಬಾಕ್ಸಿನ ಕೆಳಗಿದ್ದ ಕವರ್

ಪೀಣ್ಯದ ಕಾರ್ಖಾನೆಯೊಂದರ ಪರ್ಚೇಸ್ ವಿಭಾಗದಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿರುವ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಆಯುಧಪೂಜೆಗೆ ರಟ್ಟಿನ ಬಾಕ್ಸ್ ಸಪ್ಲೈ ಮಾಡುವವರು ಬಂದು ಸ್ವೀಟ್ ಕೊಟ್ಟು ಹೋದರಂತೆ. ಮನೆಗೆ ಹೋಗಿ ಬಿಚ್ಚಿದರೆ ಸೋನ್ ಪಾಪ್ಡಿಯ ಕೆಳಗೆ ಒಂದು ಕವರ್, ಅದರಲ್ಲಿ 15,000 ರೂಪಾಯಿ. ಮ್ಯಾನೇಜರ್‌ಗೆ ಹೇಳಿದಾಗ "ಇಟ್ಕೊಳಪ್ಪ, ಎಲ್ಲರಿಗೂ ಕೊಡ್ತಾರೆ" ಎಂದರಂತೆ. "ನಾನು ಸರ್ಕಾರಿ ನೌಕರ ಅಲ್ಲ. ಇದು ಲಂಚಾನಾ ಸಾರ್? ಇದಕ್ಕೆಲ್ಲ ಜೈಲಿಗೆ ಹಾಕ್ತಾರಾ? ಕವರ್ ಇನ್ನೂ ಬೀರುವಿನಲ್ಲಿದೆ." ಇಷ್ಟು ಅವರ ಪತ್ರ.

ಹೌದು, ಅದು ಲಂಚವೇ. ನಿಮಗೂ ಅದು ಗೊತ್ತು, ಇಲ್ಲದಿದ್ದರೆ ಆ ದುಡ್ಡು ಇಷ್ಟು ದಿನ ಬೀರುವಿನಲ್ಲಿ ಇರುತ್ತಿರಲಿಲ್ಲ ಅಲ್ವಾ? ಜೈಲಿನ ವಿಷಯ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು.

1988ರ ಭ್ರಷ್ಟಾಚಾರ ತಡೆ ಕಾಯ್ದೆ ಇರುವುದು ಸರ್ಕಾರಿ ನೌಕರರಂಥವರಿಗೆ, ಕಾನೂನು 'ಲೋಕಸೇವಕ' ಎಂದು ಕರೆಯುವವರಿಗೆ. 2018ರ ತಿದ್ದುಪಡಿ ಆದಮೇಲೆ ಲಂಚ ಕೊಟ್ಟವರ ಮೇಲೂ ನೇರವಾಗಿ ಕೇಸು ಹಾಕಬಹುದು, ಆದರೆ ಇನ್ನೊಂದು ತುದಿಯಲ್ಲಿ ಲೋಕಸೇವಕ ಇರಲೇಬೇಕು. ಹಾಗಾಗಿ ನೋಟಿಗೆ ಪುಡಿ ಹಚ್ಚಿ ಕೊಡಿಸಿ, ತೆಗೆದುಕೊಂಡವರ ಕೈಯನ್ನು ರಾಸಾಯನಿಕ ಬೆರೆಸಿದ ನೀರಿನಲ್ಲಿ ಅದ್ದಿಸಿ, ಅದು ಗುಲಾಬಿ ಬಣ್ಣಕ್ಕೆ ತಿರುಗುವುದನ್ನು ನೋಡಿ ಹಿಡಿಯುವ ಲೋಕಾಯುಕ್ತ ಪೊಲೀಸರು ನಿಮ್ಮ ಕವರಿಗಾಗಿ ಪೀಣ್ಯಕ್ಕೆ ಬರುವುದಿಲ್ಲ. ಖಾಸಗಿ ಬ್ಯಾಂಕಿನವರ ಮಾತು ಬೇರೆ. ಖಾಸಗಿ ಬ್ಯಾಂಕಿನ ಅಧ್ಯಕ್ಷರು, ನಿರ್ದೇಶಕರು ಕೂಡ ಈ ಕಾಯ್ದೆಯ ಮಟ್ಟಿಗೆ ಲೋಕಸೇವಕರೇ ಎಂದು 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನಿಮ್ಮ ಮ್ಯಾನೇಜರ್ ಇಷ್ಟಕ್ಕೇ ನಿಶ್ಚಿಂತೆಯಾಗಿದ್ದಾರೆ ಅಂತ ಕಾಣುತ್ತೆ. ಆದರೆ ಆ 15,000 ಎಲ್ಲಿಂದ ಬಂತು? 38 ರೂಪಾಯಿಗೆ ಸಿಗಬೇಕಾದ ಬಾಕ್ಸಿಗೆ ಕಂಪನಿ 42 ಕೊಡುತ್ತಿದೆ ಅಂದುಕೊಳ್ಳಿ. ತಿಂಗಳಿಗೆ 10,000 ಬಾಕ್ಸ್ ಅಂದರೆ 40,000 ರೂಪಾಯಿ ಜಾಸ್ತಿ. ಅದರಲ್ಲೇ ಒಂದು ಭಾಗ ಸೋನ್ ಪಾಪ್ಡಿಯ ಕೆಳಗೆ ಬಂದು ಕೂರುತ್ತದೆ. ದುಡ್ಡು ನಿಮ್ಮ ಕಂಪನಿಯದೇ, ಬೇರೆ ಬಾಗಿಲಿಂದ ಬಂತು ಅಷ್ಟೆ.

ಪತ್ರಿಕೆಗೆ ಬರುವ ಮುಂಚೆ ನಾನು ರಾಜಾಜಿನಗರದ ಕಡೆ ಒಂದು ಸಣ್ಣ ಕಾರ್ಖಾನೆಯ ಸ್ಟೋರ್ಸ್‌ನಲ್ಲಿದ್ದೆ. 5 ಪ್ಲೈ, ಅಂದರೆ ಐದು ಪದರದ ಬಾಕ್ಸಿಗೆ ಆರ್ಡರ್ ಹೋಗಿತ್ತು. ಲೋಡ್ ಬಂದಾಗ ನಮ್ಮ ಹಿರಿಯರೊಬ್ಬರಿಗೆ ಅದರ ತೂಕದಲ್ಲೇ ಅನುಮಾನ ಬಂತು. ಒಂದು ಬಾಕ್ಸಿನ ಮೂಲೆ ಹರಿದು, ಬೆರಳಿಗೆ ಎಂಜಲು ಹಚ್ಚಿ, ಪದರ ಪದರವಾಗಿ ಬಿಡಿಸಿ ಎಣಿಸಿದರು: ಮೇಲೊಂದು ಹಾಳೆ, ನಡುವೆ ಒಂದೇ ಒಂದು ಸುಕ್ಕಿನ ಹಾಳೆ, ಕೆಳಗೊಂದು. 3 ಪ್ಲೈ! ಆಮೇಲೆ ಫೈಲ್ ತೆಗೆಸಿದರೆ ಮೂರು ಕೊಟೇಶನ್ ಇದ್ದವು, ಮೂರು ಬೇರೆ ಬೇರೆ ಲೆಟರ್‌ಹೆಡ್ ಮೇಲೆ, ಮೂರರಲ್ಲೂ 'ಕೊಟೇಶನ್' ಅನ್ನೋ ಪದದ ಸ್ಪೆಲಿಂಗ್ ಒಂದೇ ಥರ ತಪ್ಪು. ಕೆಲಸ ಹೋಗಿದ್ದು ಮಾತ್ರ ಹಿಂದಿನ ಲೋಡುಗಳ ಜಿಆರ್‌ಎನ್‌ಗೆ, ಅಂದರೆ ಮಾಲು ಬಂದು ಸೇರಿತು ಎನ್ನುವ ಚೀಟಿಗೆ, ಸಹಿ ಹಾಕಿದ್ದ ಹುಡುಗನದು. ರೇಟು ಮಾತಾಡಿದ್ದವರ ಸಹಿ ಯಾವ ಕಾಗದದಲ್ಲೂ ಇರಲಿಲ್ಲ. ಟಿಫಿನ್ ಕ್ಯಾರಿಯರ್ ಹಿಡಿದು ಗೇಟಿನಲ್ಲಿ ನಿಂತಿದ್ದ ಅವನನ್ನು ನಾನು ಮರೆತಿಲ್ಲ. ನಿಮ್ಮ ಪತ್ರಕ್ಕೆ ಇಷ್ಟುದ್ದ ಉತ್ತರ ಬರೆಯುತ್ತಿರುವುದೂ ಅದಕ್ಕೇ.

ಕ್ರಿಮಿನಲ್ ಕಾನೂನು ಹಿಡಿಯುವುದು ಆ ಕಾಗದಗಳನ್ನೇ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 316(4)ರಲ್ಲಿ, ನಂಬಿ ಒಪ್ಪಿಸಿದ ಆಸ್ತಿಯಲ್ಲಿ ಗುಮಾಸ್ತನೋ ನೌಕರನೋ ದ್ರೋಹ ಮಾಡಿದರೆ 7 ವರ್ಷದವರೆಗೆ ಜೈಲು. ವಂಚನೆಗೆ 318(4), ಮೋಸದ ಉದ್ದೇಶದಿಂದ ನೌಕರ ಸುಳ್ಳು ಲೆಕ್ಕ ಬರೆದರೆ 344, ಅವಕ್ಕೂ 7 ವರ್ಷದವರೆಗೆ. ಸಪ್ಲೈಯರ್ ಜೊತೆ ಮೊದಲೇ ಮಾತಾಡಿಕೊಂಡಿದ್ದರೆ ಒಳಸಂಚಿನ ಸೆಕ್ಷನ್ ಬೇರೆ ಸೇರುತ್ತದೆ. ಇನ್ನು 2013ರ ಕಂಪನಿ ಕಾಯ್ದೆಯ 447ನೇ ಸೆಕ್ಷನ್ ಇದೆ. ಕಂಪನಿಯ ವ್ಯವಹಾರದಲ್ಲಿ ಮೋಸ ಮಾಡಲು ಸ್ಥಾನ ದುರುಪಯೋಗ ಮಾಡಿಕೊಂಡರೆ, ಮೊತ್ತ 10 ಲಕ್ಷ ಅಥವಾ ಕಂಪನಿಯ ಒಟ್ಟು ವಹಿವಾಟಿನ ಶೇ 1, ಯಾವುದು ಕಡಿಮೆಯೋ ಅಷ್ಟನ್ನು ಮುಟ್ಟಿದರೆ, 6 ತಿಂಗಳಿಂದ 10 ವರ್ಷ. ಯಾರಿಗೂ ಲಾಭ ನಷ್ಟ ಆಗಿಲ್ಲ ಎಂದು ಹೇಳಿ ಅಲ್ಲಿ ತಪ್ಪಿಸಿಕೊಳ್ಳುವಂತಿಲ್ಲ.

ಸುಮ್ನೆ ಹೆದರಿಸಬಾರದು, ಆದ್ದರಿಂದ ಇದನ್ನೂ ಹೇಳುತ್ತೇನೆ. ರೇಟು, ಲೆಕ್ಕ, ಮಾಲು ಎಲ್ಲ ಸರಿಯಾಗಿದ್ದು ಬರೀ ಕವರ್ ತೆಗೆದುಕೊಂಡಿದ್ದರೆ, ಕೆಲಸ ಹೋಗಬಹುದು, ಆದರೆ ಕ್ರಿಮಿನಲ್ ಕೇಸು ನಿಲ್ಲುವುದು ಕಷ್ಟ. ನಮ್ಮಲ್ಲಿ ಖಾಸಗಿ ಲಂಚಕ್ಕೆ ಅಂತಲೇ ಒಂದು ಸೆಕ್ಷನ್ ಇಲ್ಲ. ಬ್ರಿಟನ್ನಿನ 2010ರ ಲಂಚ ಕಾಯ್ದೆಯಲ್ಲಿ ಖಾಸಗಿಯವರಿಗೂ 10 ವರ್ಷದವರೆಗೆ ಶಿಕ್ಷೆ ಇದೆ. ಚೀನಾದ ಕ್ರಿಮಿನಲ್ ಕಾನೂನಿನ 163ನೇ ವಿಧಿ ಇರುವುದೇ ಲಂಚ ತೆಗೆದುಕೊಳ್ಳುವ ಕಂಪನಿ ನೌಕರರಿಗೆ. ವಿಶ್ವಸಂಸ್ಥೆಯ ಭ್ರಷ್ಟಾಚಾರ ವಿರೋಧಿ ಒಪ್ಪಂದವನ್ನು ನಾವು 2011ರಲ್ಲೇ ಒಪ್ಪಿದ್ದೇವೆ, ಅದರ 21ನೇ ವಿಧಿ ಖಾಸಗಿ ಲಂಚದ ಬಗ್ಗೆ ಕಾನೂನು ಮಾಡುವುದನ್ನು ಯೋಚಿಸಿ ಎನ್ನುತ್ತದೆ. ಹೊಸ ಸಂಹಿತೆ ಬರೆಯುವಾಗಲಾದರೂ ಸೇರಿಸಬೇಕಿತ್ತು. ಸೇರಿಸಲಿಲ್ಲ. ನೇರವಾದ ಸೆಕ್ಷನ್ ಇದ್ದಿದ್ದರೆ ಕವರ್ ತೆಗೆದುಕೊಂಡವರನ್ನು, ಕೊಟ್ಟವರನ್ನು ಕೇಳುತ್ತಿದ್ದರು. ಈಗ ಕಾಗದಕ್ಕೆ ಸಹಿ ಹಾಕಿದವರನ್ನು ಮೊದಲು ಕೇಳುತ್ತಾರೆ, ನಿಮ್ಮಂಥ ಕಿರಿಯರನ್ನು. ಇದು ನನಗೆ ನಿಜವಾಗಿ ಬೇಸರದ ವಿಷಯ.

ಈಗ ನೀವು ಮಾಡಬೇಕಾದ್ದು. ಆ ಕವರಿನಿಂದ ಒಂದು ನೋಟೂ ತೆಗೆಯಬೇಡಿ. ಸಪ್ಲೈಯರ್‌ಗೆ ಒಬ್ಬರೇ ಹೋಗಿ ವಾಪಸ್ ಕೊಡಬೇಡಿ, ಕೊಟ್ಟಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಮಾಲೀಕರಿಗೂ ಎಚ್‌ಆರ್‌ಗೂ ಒಟ್ಟಿಗೆ ಇಮೇಲ್ ಹಾಕಿ: ಇಂಥ ದಿನ, ಇಂಥವರು ಕೊಟ್ಟ ಸ್ವೀಟ್ ಬಾಕ್ಸಿನಲ್ಲಿ ಇಷ್ಟು ಹಣ ಇತ್ತು, ಇಂಥ ದಿನ ಮ್ಯಾನೇಜರ್‌ಗೆ ತಿಳಿಸಿದ್ದೆ, ಹಣ ಹಾಗೇ ಇದೆ, ಒಪ್ಪಿಸುತ್ತೇನೆ, ರಸೀದಿ ಕೊಡಿ. ಮ್ಯಾನೇಜರ್ ಹೇಳಿದ ಮಾತನ್ನು ಜಾಸ್ತಿ ಮಾಡದೆ, ಕಡಿಮೆ ಮಾಡದೆ ಬರೆಯಿರಿ. ಆದರೆ ಹಳೆಯ ಬಾಕ್ಸ್ ಬಿಲ್ಲುಗಳ ಮೇಲೆ ನಿಮ್ಮ ಸಹಿ ಇದ್ದು, ಅವು ಸರಿಯಿಲ್ಲ ಅಂತ ನಿಮಗೆ ಅನ್ನಿಸಿದ್ದರೆ, ಇಮೇಲ್‌ಗೂ ಮೊದಲು ಒಬ್ಬ ಕ್ರಿಮಿನಲ್ ವಕೀಲರ ಹತ್ತಿರ ಹೋಗಿ ಎಲ್ಲ ಹೇಳಿ. ಆ ಬಿಲ್ಲುಗಳನ್ನು ಹರಿಯುವುದು, ತಿದ್ದುವುದು ಮಾತ್ರ ಮಾಡಬೇಡಿ.

ಏನಾಯಿತು ಅಂತ ಮತ್ತೆ ಬರೆಯಿರಿ, ಕಾಯುತ್ತಿರುತ್ತೇನೆ.

— ಸಂ.