ಕಛೇರಿ ಮುಗಿದ ಮೇಲೆ ಸಂಗೀತ ಯಾರದು?

ಓದುಗರ ಪತ್ರ

ಮಾನ್ಯ ಸಂಪಾದಕರೆ, ಕಳೆದ ಸಂಚಿಕೆಯಲ್ಲಿ ಅಮೆರಿಕದ ‘ಗ್ರೇಟ್‌ಫುಲ್ ಡೆಡ್’ ಎಂಬ ರಾಕ್ ತಂಡದ ಇತಿಹಾಸಕ್ಕೆ ಆರು ಪುಟ ಕೊಟ್ಟಿದ್ದೀರಿ. ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿರುವ ಮಗನ ಮನೆಯಲ್ಲಿ ನಾಲ್ಕು ತಿಂಗಳು ಇದ್ದಾಗ ನಾನೂ ಇವರ ಸಂಗೀತವನ್ನು ಕೇಳಿದ್ದೇನೆ. 1970ರ ಎರಡು ಧ್ವನಿಮುದ್ರಿಕೆಗಳನ್ನು ಬಿಟ್ಟರೆ ಉಳಿದದ್ದು ಅಮಲಿನಲ್ಲಿ ಎಳೆದಾಡಿದ ಗದ್ದಲ. ಮೂವತ್ತು ವರ್ಷಗಳಲ್ಲಿ ದೊಡ್ಡದಾಗಿ ಗೆದ್ದ ಹಾಡು ಒಂದೇ ಒಂದು. ಸಭಿಕರು ಕಛೇರಿಗಳನ್ನು ಮುದ್ರಿಸಿಕೊಂಡು ಊರೂರಿಗೆ ಹಂಚಿದ್ದನ್ನು ನಿಮ್ಮ ಲೇಖಕರು ಹೊಗಳಿದ್ದಾರೆ. ಅದು ಕಲಾವಿದನ ಅನ್ನಕ್ಕೆ ಕಲ್ಲು ಹಾಕಿದಂತಲ್ಲವೇ? ನಾನು ಸಂಗೀತದ್ವೇಷಿಯಲ್ಲ. ಧಾರವಾಡದ ಮನೆ ಬೈಠಕ್‌ಗಳಲ್ಲಿ ನಾನೇ ಮುದ್ರಿಸಿಕೊಂಡ ಅರವತ್ತು ಕ್ಯಾಸೆಟ್ಟುಗಳು ಇಂದಿಗೂ ನಮ್ಮ ಅಟ್ಟದ ಮೇಲಿವೆ.
– ನಿವೃತ್ತ ಅಧ್ಯಾಪಕರೊಬ್ಬರು, ಧಾರವಾಡ

ಸಂಪಾದಕರ ಉತ್ತರ

ಗುರುಗಳೆ, ಬಯ್ಯುವ ಪತ್ರಗಳು ನಮಗೆ ಹೇರಳವಾಗಿ ಬರುತ್ತವೆ, ಆದರೆ ಕೇಳಿ ಬಯ್ಯುವವರು ಅಪರೂಪ. ನೀವು ಕೇಳಿದ್ದೀರಿ. ಆದ್ದರಿಂದ ಈ ಉತ್ತರ ಉದ್ದವಾದರೆ ಅದರ ಅರ್ಧ ಹೊಣೆ ನಿಮ್ಮದು.

ಮೊದಲು ನಿಮ್ಮ ಮಾತಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡುತ್ತೇನೆ. ‘ವರ್ಕಿಂಗ್‌ಮ್ಯಾನ್ಸ್ ಡೆಡ್’ ಮತ್ತು ‘ಅಮೆರಿಕನ್ ಬ್ಯೂಟಿ’ ಎರಡೂ ಒಂದೇ ವರ್ಷದಲ್ಲಿ ಬಂದ, ರಾಬರ್ಟ್ ಹಂಟರ್ ಅವರ ಸಾಹಿತ್ಯದಿಂದ ತುಂಬಿದ, ಕೊರತೆ ಹುಡುಕುವುದು ಕಷ್ಟವಾದ ಧ್ವನಿಮುದ್ರಿಕೆಗಳು. ಅಮಲಿನ ವಿಷಯದಲ್ಲೂ ನಿಮ್ಮೊಡನೆ ನನಗೆ ಜಗಳವಿಲ್ಲ. ಹಾಡುಗಾರ ರಾನ್ ಮೆಕರ್ನನ್, ಗೆಳೆಯರ ಬಾಯಲ್ಲಿ ‘ಪಿಗ್‌ಪೆನ್’, ಕುಡಿತದಿಂದ ಜರ್ಜರಿತನಾಗಿ 1973ರಲ್ಲಿ 27ನೆಯ ವಯಸ್ಸಿಗೆ ತೀರಿಕೊಂಡ. ತಂಡದ ಮುಖ್ಯ ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ 53 ವರ್ಷಕ್ಕೆ, 1995ರ ಆಗಸ್ಟ್ 9ರಂದು, ವ್ಯಸನಮುಕ್ತಿ ಕೇಂದ್ರವೊಂದರಲ್ಲಿ ಕೊನೆಯುಸಿರೆಳೆದರು. ಇದನ್ನು ಮುಚ್ಚಿಡುವ ಅಗತ್ಯ ನಮ್ಮ ಲೇಖಕರಿಗೂ ಕಾಣಲಿಲ್ಲ, ನನಗೂ ಇಲ್ಲ. ಆದರೆ ಇಷ್ಟನ್ನು ಒಪ್ಪಿದ ಮೇಲೆ ನಮ್ಮಿಬ್ಬರ ದಾರಿ ಬೇರೆಯಾಗುತ್ತದೆ, ಏಕೆಂದರೆ ನೀವು ಆ ತಂಡದ ಚರಿತ್ರೆಯನ್ನು ಅಂಗಡಿಯಲ್ಲಿ ಮಾರಿದ ಗ್ರಾಮಫೋನ್ ತಟ್ಟೆಗಳಲ್ಲಿ ಹುಡುಕಿದ್ದೀರಿ, ಅದು ಇರುವುದು ಸುಮಾರು 2,300 ರಾತ್ರಿಗಳಲ್ಲಿ.

ಹೆಸರಿನಿಂದಲೇ ತೊಡಗುತ್ತೇನೆ. 1965ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕ್‌ನ ಪಿಜ್ಜಾ ಅಂಗಡಿಯೊಂದರಲ್ಲಿ ಮೊದಲ ಸಲ ನುಡಿಸಿದಾಗ ಇವರು ‘ವಾರ್‌ಲಾಕ್ಸ್’ ಆಗಿದ್ದರು. ಆ ಹೆಸರಿನ ಇನ್ನೊಂದು ತಂಡವಿರುವುದು ತಿಳಿದು ಹೊಸ ಹೆಸರಿಗಾಗಿ ತಡಕಾಡುತ್ತಿದ್ದಾಗ, ಬೇಸ್ ಗಿಟಾರಿನ ಫಿಲ್ ಲೆಶ್ ಮನೆಯಲ್ಲಿ ಗಾರ್ಸಿಯಾ ನಿಘಂಟೊಂದನ್ನು ತೆರೆದರು, ಈ ಎರಡು ಪದಗಳು ಕಣ್ಣಿಗೆ ಬಿದ್ದವು. ಅದು ಹಲವು ದೇಶಗಳಲ್ಲಿ ತಿರುಗಾಡಿದ ಜನಪದ ಕತೆಯೊಂದರ ಹೆಸರು: ಸಾಲ ತೀರಿಸದೆ ಸತ್ತವನ ಹೆಣವನ್ನು ಹೂಳಲು ಊರವರು ಒಪ್ಪುವುದಿಲ್ಲ, ದಾರಿಹೋಕನೊಬ್ಬ ತನ್ನ ಕೈಯಲ್ಲಿದ್ದ ಹಣವನ್ನೆಲ್ಲ ಕೊಟ್ಟು ಅದಕ್ಕೆ ಸಂಸ್ಕಾರ ಮಾಡಿಸುತ್ತಾನೆ, ಮುಂದೆ ಅವನು ಕಷ್ಟಕ್ಕೆ ಸಿಕ್ಕಿದಾಗ ಅಪರಿಚಿತನೊಬ್ಬ ಜೊತೆಯಾಗಿ ಕಾಪಾಡುತ್ತಾನೆ, ಆ ಅಪರಿಚಿತ ಅದೇ ಸತ್ತವನು. ಹೆಸರು ಕೇಳಿ ಹೆದರುವವರು ಈ ಕತೆಯನ್ನು ಕೇಳಿರುವುದಿಲ್ಲ. ನಮ್ಮ ಭಾಷೆಯಲ್ಲಿ ಇದಕ್ಕೆ ಋಣ ಎಂಬ ಒಂದೇ ಮಾತು ಸಾಕು.

ಆ ವರ್ಷದ ಡಿಸೆಂಬರಿನಲ್ಲಿ ಸ್ಯಾನ್ ಹೋಸೆಯಲ್ಲಿ, ಕಾದಂಬರಿಕಾರ ಕೆನ್ ಕೀಸಿ ನಡೆಸುತ್ತಿದ್ದ ‘ಆಸಿಡ್ ಟೆಸ್ಟ್’ ಕೂಟದಲ್ಲಿ, ಅವರು ಹೊಸ ಹೆಸರಿನಲ್ಲಿ ನುಡಿಸಿದರು. ಆಸಿಡ್ ಎಂದು ಕರೆಯುತ್ತಿದ್ದದ್ದು ಎಲ್‌ಎಸ್‌ಡಿ ಎಂಬ ಅಮಲಿನ ದ್ರವ್ಯವನ್ನು. ಅದನ್ನು ಕ್ಯಾಲಿಫೋರ್ನಿಯಾ ನಿಷೇಧಿಸಿದ್ದು 1966ರ ಅಕ್ಟೋಬರಿನಲ್ಲಿ, ಆದ್ದರಿಂದ ಅಂದು ಅದು ಕಾನೂನಿನ ಕಣ್ಣಿಗೆ ಅಪರಾಧವಾಗಿರಲಿಲ್ಲ. ನಿಮ್ಮ ಗಮನ ಆ ದ್ರವ್ಯದ ಮೇಲೆ ನಿಂತಿದೆ. ನಾನು ಬೇರೊಂದು ಸಂಗತಿಯನ್ನು ತೋರಿಸಬಯಸುತ್ತೇನೆ. ಆ ಕೂಟಗಳಿಗೆ ಬಂದವರು ಈ ತಂಡವನ್ನು ನೋಡಲೆಂದು ಬಂದವರಲ್ಲ, ಬೇಕೆನಿಸಿದಾಗ ನುಡಿಸಬಹುದಿತ್ತು, ಬೇಡವೆನಿಸಿದರೆ ಬಿಡಬಹುದಿತ್ತು. ಯಾರನ್ನೂ ಮೆಚ್ಚಿಸಬೇಕಿಲ್ಲದ ಆ ಸ್ವಾತಂತ್ರ್ಯದಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗರು ಒಂದು ಹಾಡನ್ನು ಅರ್ಧ ಗಂಟೆ ಬೆಳೆಸುವುದನ್ನು ಕಲಿತರು. ಅಮಲು ಇಳಿದ ಮೇಲೂ ಆ ಕಲಿಕೆ ಉಳಿಯಿತು.

ಧ್ವನಿಮುದ್ರಣ ಕೋಣೆಯೊಡನೆ ಅವರಿಗೆ ಕೊನೆಯವರೆಗೂ ಸರಿಬರಲಿಲ್ಲ. 1967ರ ಮೊದಲ ತಟ್ಟೆಯನ್ನು ಲಾಸ್ ಏಂಜಲೀಸಿನಲ್ಲಿ ಕೆಲವೇ ದಿನಗಳಲ್ಲಿ ಅವಸರವಸರವಾಗಿ ಮುಗಿಸಿದರು. ಎರಡನೆಯದಾದ ‘ಆಂಥಮ್ ಆಫ್ ದ ಸನ್’ ನಡೆಯುತ್ತಿದ್ದಾಗ ತಂಡದ ಇನ್ನೊಬ್ಬ ಗಿಟಾರ್ ವಾದಕ ಬಾಬ್ ವಿಯರ್ ತನಗೆ ‘ದಪ್ಪ ಗಾಳಿ’ಯ ನಾದ ಬೇಕೆಂದು ಕೇಳಿದ್ದಕ್ಕೆ ನಿರ್ಮಾಪಕರು ರೋಸಿ ಎದ್ದುಹೋದರೆಂಬುದು ಪ್ರಸಿದ್ಧವಾದ ಕತೆ. ಕೊನೆಗೆ ತಂಡದವರೇ ಹಲವು ಕಛೇರಿಗಳ ತುಣುಕುಗಳನ್ನು ಸ್ಟುಡಿಯೋ ಮುದ್ರಣಕ್ಕೆ ಹೊಲಿದು ಆ ತಟ್ಟೆಯನ್ನು ಹೊರತಂದರು. ‘ಡಾರ್ಕ್ ಸ್ಟಾರ್’ ಹಾಡು 1968ರಲ್ಲಿ ಬಿಡಿ ತಟ್ಟೆಯಾಗಿ ಬಂದಾಗ ಮೂರು ನಿಮಿಷಗಳಷ್ಟೂ ಇರಲಿಲ್ಲ, ಕೊಳ್ಳುವವರೂ ಇರಲಿಲ್ಲ. ಅದೇ ಹಾಡು 1969ರ ಫೆಬ್ರವರಿ 27ರಂದು ಸ್ಯಾನ್ ಫ್ರಾನ್ಸಿಸ್ಕೊದ ಫಿಲ್ಮೋರ್ ವೆಸ್ಟ್‌ನಲ್ಲಿ 23 ನಿಮಿಷಗಳ ಆಲಾಪವಾಗಿ ಅರಳಿ ‘ಲೈವ್ ಡೆಡ್’ ಧ್ವನಿಸಂಪುಟದ ಮೊದಲ ತಟ್ಟೆಯ ಒಂದು ಬದಿಯನ್ನು ಇಡಿಯಾಗಿ ತುಂಬಿತು. ನಿಮ್ಮ ಮಗನ ಮನೆಯಲ್ಲಿ ಇದನ್ನು ಕೇಳಿಯೇ ನೀವು ಗದ್ದಲವೆಂದಿರಬೇಕೆಂದು ನನ್ನ ಗುಮಾನಿ. ಧಾರವಾಡದಲ್ಲಿ ಕುಳಿತು ವಿಲಂಬಿತ ಖ್ಯಾಲನ್ನು ಒಂದು ಗಂಟೆ ಕೇಳಬಲ್ಲ ಕಿವಿಗೆ, ಸ್ಥಾಯಿಯ ಸ್ವರಗಳನ್ನು ಬಿಟ್ಟುಹೋಗಿ ಮತ್ತೆ ಅಲ್ಲಿಗೇ ಮರಳುವ ಆ ಸುತ್ತಾಟ ಪರಕೀಯವಾಗಬಾರದಿತ್ತು.

ಅದು ಪೂರ್ತಿ ಪರಕೀಯವೂ ಅಲ್ಲ. 1967ರ ಸೆಪ್ಟೆಂಬರಿನಲ್ಲಿ ಎರಡನೆಯ ಡ್ರಮ್ ವಾದಕನಾಗಿ ಸೇರಿದ ಮಿಕಿ ಹಾರ್ಟ್ ತಬಲಾದ ಉಸ್ತಾದ್ ಅಲ್ಲಾ ರಖಾ ಅವರಲ್ಲಿ ಲಯದ ಪಾಠ ಹೇಳಿಸಿಕೊಂಡವರು. ‘ಲೈವ್ ಡೆಡ್’ನಲ್ಲಿರುವ ‘ದಿ ಇಲೆವನ್’ ಹಾಡಿನ ಹೆಸರು ಅದರ ತಾಳದಿಂದ ಬಂದದ್ದು: ಆವರ್ತಕ್ಕೆ ಹನ್ನೊಂದು ಮಾತ್ರೆ. ಇವರಿಗೆ ಲಯವಿಲ್ಲವೆಂದು ಹೇಳುವ ಮೊದಲು ಅದಕ್ಕೊಮ್ಮೆ ಕೈಯಲ್ಲಿ ತಾಳ ಹಾಕಿ ನೋಡಬೇಕೆಂದು ವಿನಂತಿ. ಮುಂದೆ ಝಾಕಿರ್ ಹುಸೇನ್ ಕ್ಯಾಲಿಫೋರ್ನಿಯಾದ ಅಲಿ ಅಕ್ಬರ್ ಸಂಗೀತ ಕಾಲೇಜಿನಲ್ಲಿ ಕಟ್ಟಿದ ತಾಳವಾದ್ಯ ವೃಂದ ಹಾರ್ಟ್ ಜೊತೆಗೂಡಿ ‘ದಿಗಾ’ ಎಂಬ ಹೆಸರಿನಲ್ಲಿ 1976ರಲ್ಲಿ ಧ್ವನಿಮುದ್ರಿಕೆ ತಂದಿತು, ಅದರೊಳಗಿನ ಒಂದು ರಚನೆ ಬೆಳೆದು ‘ಫೈರ್ ಆನ್ ದ ಮೌಂಟನ್’ ಎಂಬ ಹಾಡಾಯಿತು. 1991ರಲ್ಲಿ ಹಾರ್ಟ್, ಝಾಕಿರ್ ಹುಸೇನ್, ಘಟದ ವಿನಾಯಕರಾಮ್ ಮೊದಲಾದವರು ಸೇರಿ ಮಾಡಿದ ‘ಪ್ಲಾನೆಟ್ ಡ್ರಮ್’ಗೆ ವಿಶ್ವಸಂಗೀತ ವಿಭಾಗದ ಮೊಟ್ಟಮೊದಲ ಗ್ರ್ಯಾಮಿ ಬಂತು. ಕಛೇರಿಯ ಉತ್ತರಾರ್ಧದಲ್ಲಿ ಉಳಿದವರು ವೇದಿಕೆ ಬಿಟ್ಟುಕೊಟ್ಟು ಇಬ್ಬರು ಡ್ರಮ್ ವಾದಕರನ್ನು ಮಾತ್ರ ಉಳಿಸುತ್ತಿದ್ದ ಭಾಗ ನಮ್ಮ ತನಿ ಆವರ್ತನಕ್ಕೆ ಎಷ್ಟು ಹತ್ತಿರವೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ಒಂದು ವ್ಯತ್ಯಾಸವುಂಟು: ಅಲ್ಲಿ ಜನ ತನಿಯ ಹೊತ್ತಿನಲ್ಲಿ ಕಾಫಿಗೆ ಎದ್ದುಹೋದರೂ ವಾದಕರು ಅದನ್ನು ಹತ್ತು ನಿಮಿಷಕ್ಕೆ ಮೊಟಕು ಮಾಡಲಿಲ್ಲ.

ಈಗ ನಿಮ್ಮ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ಕಲಾವಿದನ ಅನ್ನಕ್ಕೆ ಕಲ್ಲು ಎಂದಿದ್ದೀರಿ, ಎಂದರೆ ಕಳ್ಳತನ. ಕೇಳುಗನಿಗೂ ತಮಗೂ ಒಂದೇ ನಾದ ಕೇಳಿಸಬೇಕೆಂದು ಈ ತಂಡ 1974ರಲ್ಲಿ, ತಂಡದ ಧ್ವನಿತಜ್ಞ ಆವ್ಸ್‌ಲಿ ಸ್ಟ್ಯಾನ್ಲಿಯ ಕಲ್ಪನೆಯಂತೆ, ಸುಮಾರು 600 ಸ್ಪೀಕರುಗಳ, 75 ಟನ್ ತೂಕದ ಗೋಡೆಯನ್ನೇ ತಮ್ಮ ಬೆನ್ನ ಹಿಂದೆ ಕಟ್ಟಿಸಿತು. ಅದನ್ನು ಊರೂರಿಗೆ ಹೊರುವ ಖರ್ಚು ಅವರನ್ನು ಸುಸ್ತುಮಾಡಿ, ಆ ಅಕ್ಟೋಬರಿನಲ್ಲಿ ಪ್ರವಾಸವನ್ನೇ ನಿಲ್ಲಿಸಬೇಕಾಯಿತು. ಕೇಳುಗನಿಗಾಗಿ ಮನೆ ಮುಳುಗಿಸಿಕೊಳ್ಳುವಷ್ಟು ದೂರ ಹೋದವರು, ಆ ಕೇಳುಗ ಮಡಿಲಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಬಂದರೆ ಹಿಡಿದು ಹೊರಗೆ ಹಾಕುತ್ತಾರೆಯೇ? ಎತ್ತರದ ಕೋಲುಗಳಿಗೆ ಕಟ್ಟಿದ ಮೈಕುಗಳು ಹೆಚ್ಚಿ ಧ್ವನಿ ನಿಯಂತ್ರಿಸುವವರಿಗೆ ವೇದಿಕೆಯೇ ಕಾಣದಂತಾದಾಗ, 1984ರ ಅಕ್ಟೋಬರಿನಲ್ಲಿ ಬರ್ಕ್ಲಿಯ ಕಛೇರಿಗಳಿಂದ ಆರಂಭಿಸಿ, ನಿಯಂತ್ರಣ ಮೇಜಿನ ಹಿಂದೆ ಮುದ್ರಿಸಿಕೊಳ್ಳುವವರಿಗೆಂದೇ ಜಾಗ ಬಿಟ್ಟು, ಪ್ರತ್ಯೇಕ ಟಿಕೆಟ್ ಕೊಟ್ಟರು. ನಾವು ನುಡಿಸಿ ಮುಗಿಸಿದ ಮೇಲೆ ಅದನ್ನು ಅವರು ಇಟ್ಟುಕೊಳ್ಳಲಿ ಎಂಬುದು ಗಾರ್ಸಿಯಾ ಅವರ ನಿಲುವಾಗಿತ್ತು.

ಯಜಮಾನನೇ ಬಾಗಿಲು ತೆರೆದು ಬಡಿಸಿದ್ದನ್ನು ಉಂಡವನು ಕಳ್ಳನಾಗುವುದಿಲ್ಲ. ಆ ಹಂಚಿಕೆಗೆ ಒಂದು ನೇಮವೂ ಇತ್ತು: ಹಣಕ್ಕೆ ಮಾರಬಾರದು. ಹೊಸಬನೊಬ್ಬ ಖಾಲಿ ಕ್ಯಾಸೆಟ್ಟುಗಳನ್ನೂ ಮರುಟಪಾಲಿನ ವೆಚ್ಚವನ್ನೂ ಕಳಿಸಿದರೆ, ಮುಖ ನೋಡದ ಇನ್ನೊಬ್ಬ ರಾತ್ರಿ ಕುಳಿತು ಪ್ರತಿ ಮಾಡಿ, ಊರು, ದಿನಾಂಕ, ಹಾಡುಗಳ ಅನುಕ್ರಮ, ಮೂಲದಿಂದ ಎಷ್ಟನೆಯ ತಲೆಮಾರಿನ ಪ್ರತಿ ಎಂಬುದನ್ನೆಲ್ಲ ಚೊಕ್ಕವಾಗಿ ಬರೆದು ಅಂಚೆಗೆ ಹಾಕುತ್ತಿದ್ದ. ಇಂಥ ಸಂಗ್ರಹಕಾರರಲ್ಲೊಬ್ಬರಾದ ಡಿಕ್ ಲಾತ್ವಾಲಾ ಅವರನ್ನು ತಂಡವೇ ಕರೆದು ತನ್ನ ಭಂಡಾರದ ಮೇಲ್ವಿಚಾರಣೆಗೆ ಹಚ್ಚಿತು, 1993ರಿಂದ ಹೊರಬಂದ ಹಳೆಯ ಕಛೇರಿಗಳ ಮಾಲೆಗೆ ‘ಡಿಕ್ಸ್ ಪಿಕ್ಸ್’ ಎಂದು ಅವರ ಹೆಸರನ್ನೇ ಇಟ್ಟಿತು. ರಸಿಕನೊಬ್ಬನ ಆಯ್ಕೆಯನ್ನು ಕಲಾವಿದರು ಹೀಗೆ ತಲೆಬಾಗಿ ಒಪ್ಪಿಕೊಂಡ ಇನ್ನೊಂದು ಉದಾಹರಣೆ ನನಗೆ ಸುಲಭವಾಗಿ ಸಿಗುತ್ತಿಲ್ಲ.

ಕಲಾವಿದನ ಅನ್ನದ ಮಾತು ಬಂತು. ‘ಟಚ್ ಆಫ್ ಗ್ರೇ’ ಎಂಬ ಅವರ ಒಂದೇ ಹಾಡು ಅಮೆರಿಕದ ಮೊದಲ ಹತ್ತರೊಳಗೆ, ಒಂಬತ್ತನೆಯ ಸ್ಥಾನಕ್ಕೆ ಏರಿದ್ದು 1987ರಲ್ಲಿ, ಎಂದರೆ ಟೇಪಿನವರಿಗೆ ಜಾಗ ಕೊಟ್ಟ ಮೂರು ವರ್ಷಗಳ ನಂತರ. ಅಷ್ಟರಲ್ಲಾಗಲೇ ತಂಡ ಇಪ್ಪತ್ತೆರಡು ವರ್ಷ ಉಂಡು ಬದುಕಿತ್ತು, ಆ ಅನ್ನ ಬಂದದ್ದು ಟಿಕೆಟ್ಟಿನಿಂದ. ಆ ಗೆದ್ದ ಸಂಪುಟ ‘ಇನ್ ದ ಡಾರ್ಕ್’ಗೂ ಅಡಿಪಾಯದ ಮುದ್ರಣ ಸ್ಟುಡಿಯೋದಲ್ಲಿ ನಡೆಯಲಿಲ್ಲ, ಜನರಿಲ್ಲದ ಸಭಾಂಗಣದ ವೇದಿಕೆಯ ಮೇಲೆ, ಕಛೇರಿಯಲ್ಲಿ ನಿಲ್ಲುವಂತೆ ನಿಂತು ನುಡಿಸಿದರು. ಹಿಂದಿನ ವರ್ಷವಷ್ಟೇ ಗಾರ್ಸಿಯಾ ಮಧುಮೇಹ ಉಲ್ಬಣಿಸಿ ಪ್ರಜ್ಞೆ ತಪ್ಪಿ, ಎದ್ದ ಮೇಲೆ ಗಿಟಾರನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಗಿ ಬಂದಿತ್ತು. ಬಾಲ್ಯದಲ್ಲಿ ಅಣ್ಣನ ಕೊಡಲಿಗೆ ಬಲಗೈಯ ನಡುಬೆರಳಿನ ಬಹುಭಾಗವನ್ನು ಕಳೆದುಕೊಂಡಿದ್ದ ಕೈ ಅದು.

ನನಗೆ ಎಲ್ಲಕ್ಕಿಂತ ಪ್ರಿಯವಾದ ಪ್ರಸಂಗ ಬೇರೆಯೇ ಇದೆ. 1977ರ ಮೇ 8ರಂದು ಇಥಾಕಾದ ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನಲ್ಲಿ ಇವರು ನುಡಿಸಿದರು. ಮೇ ತಿಂಗಳಾದರೂ ಆ ರಾತ್ರಿ ಹೊರಗೆ ಹಿಮ ಬಿತ್ತು. ಅದನ್ನು ಮುದ್ರಿಸಿದವರು ತಂಡದ ಧ್ವನಿತಜ್ಞೆ ಬೆಟ್ಟಿ ಕ್ಯಾಂಟರ್ ಜಾಕ್ಸನ್. ಮುಂದೆ ಅವರಿಗೆ ಕಷ್ಟದ ದಿನಗಳು ಬಂದು, ಸುರುಳಿಗಳನ್ನು ಇಟ್ಟಿದ್ದ ಗೋದಾಮಿನ ಬಾಡಿಗೆ ಕಟ್ಟಲಾಗದೆ, 1986ರಲ್ಲಿ ಅವು ಹರಾಜಾದವು. ಕೊಂಡವರು ಅಭಿಮಾನಿಗಳು. ಅವುಗಳ ಪ್ರತಿಗಳು ಕೈಯಿಂದ ಕೈಗೆ ಹರಿದಾಡಿದವು. 2011ರ ಸಾಲಿನಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಆ ರಾತ್ರಿಯ ಮುದ್ರಣವನ್ನು ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೆ ಆಯ್ದುಕೊಂಡಿತು. ಅದು ಅಧಿಕೃತ ಸಂಪುಟವಾಗಿ ಅಂಗಡಿಗೆ ಬಂದದ್ದು 2017ರಲ್ಲಿ. ಅಂಗಡಿಯಲ್ಲಿ ಯಾರೂ ಮಾರದೆ ಇದ್ದ ವಸ್ತು ಮೊದಲು ರಾಷ್ಟ್ರದ ಸ್ವತ್ತಾಯಿತು, ಆಮೇಲೆ ಸರಕಾಯಿತು.

ಇಲ್ಲಿಗೆ ಬಂದಾಗ ನನ್ನ ಹಳೆಯ ಹುಣ್ಣು ಕೆರೆಯುತ್ತದೆ, ಕ್ಷಮಿಸಬೇಕು. ಎಂಬತ್ತರ ದಶಕದ ಒಂದು ರಾಮನವಮಿಯಲ್ಲಿ, ಬೆಂಗಳೂರಿನ ಒಂದು ಸಂಗೀತ ಸಭೆಯ ಚಪ್ಪರದಲ್ಲಿ, ಹಿರಿಯ ವಿದ್ವಾಂಸರೊಬ್ಬರು ಅಪರೂಪದ ರಾಗವೊಂದನ್ನು ಮುಕ್ಕಾಲು ಗಂಟೆ ಹಾಡಿದರು. ಶಾಲಿನ ಕೆಳಗೆ ನಾನಿಟ್ಟುಕೊಂಡಿದ್ದ ಪುಟ್ಟ ಯಂತ್ರವನ್ನು ಸ್ವಯಂಸೇವಕನೊಬ್ಬ ಕಂಡುಹಿಡಿದು, ಕ್ಯಾಸೆಟ್ಟನ್ನು ಕಿತ್ತುಕೊಂಡು, ಸಭೆಯವರೇ ಮುದ್ರಿಸುತ್ತಿದ್ದಾರೆ, ನಿಮಗೇಕೆ ಈ ಉಸಾಬರಿ ಎಂದು ಗದರಿದ. ಹದಿನೈದು ವರ್ಷಗಳ ನಂತರ ಆ ವಿದ್ವಾಂಸರು ತೀರಿಕೊಂಡಾಗ ನಾನು ಅದೇ ಸಭೆಯ ಕಾರ್ಯಾಲಯಕ್ಕೆ ಹೋಗಿ ಆ ಮುದ್ರಣ ಕೇಳಿದೆ. ಸುರುಳಿಗೆ ಬೆಲೆ ಹೆಚ್ಚಾಗಿತ್ತು, ಆದ್ದರಿಂದ ಮರುವರ್ಷ ಅದರ ಮೇಲೆಯೇ ಬೇರೆ ಕಛೇರಿ ಮುದ್ರಿಸಿದೆವೆಂದು ಕಾರ್ಯದರ್ಶಿಗಳು ಯಾವ ಸಂಕೋಚವೂ ಇಲ್ಲದೆ ಹೇಳಿದರು. ಕಾವಲುಗಾರರಿಗೆ ನಮ್ಮಲ್ಲಿ ಕೊರತೆಯಿಲ್ಲ, ಕಾಯಬೇಕಾದದ್ದು ಏನೆಂಬುದು ಅವರಿಗೆ ತಿಳಿಯದು. ಇಂದಿಗೂ ಸಭಾಂಗಣದ ಬಾಗಿಲಲ್ಲಿ ಮುದ್ರಣ ನಿಷೇಧದ ಫಲಕ ತೂಗುತ್ತದೆ. ಒಳಗೆ ಹಾಡಿದ್ದು ಎಲ್ಲಿ ಉಳಿದಿದೆ ಎಂದು ಕೇಳಿದರೆ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ. ಕ್ಯಾಲಿಫೋರ್ನಿಯಾದ ಆ ಕೂದಲು ಬಿಟ್ಟ ಹುಡುಗರ ಪತ್ರಗಳು, ಲೆಕ್ಕಪತ್ರಗಳು, ಭಿತ್ತಿಚಿತ್ರಗಳು, ಅಭಿಮಾನಿಗಳು ಚಿತ್ರ ಬರೆದು ಕಳಿಸಿದ ಲಕೋಟೆಗಳೂ ಸೇರಿದಂತೆ, ಸಾಂತಾಕ್ರೂಜ್‌ನ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವರ್ಗೀಕರಿಸಲ್ಪಟ್ಟು ಕುಳಿತಿವೆ.

ಗಾರ್ಸಿಯಾ ತೀರಿಕೊಂಡ ಮರುವರ್ಷದ ಏಪ್ರಿಲ್‌ನಲ್ಲಿ ಬಾಬ್ ವಿಯರ್ ಮತ್ತು ಗಾರ್ಸಿಯಾರ ಪತ್ನಿ ಅವರ ಚಿತಾಭಸ್ಮದ ಒಂದು ಪಾಲನ್ನು ಹೃಷೀಕೇಶಕ್ಕೆ ತಂದು ಗಂಗೆಯಲ್ಲಿ ಬಿಟ್ಟರೆಂಬುದು ನಮ್ಮ ಲೇಖನದ ಕೊನೆಯ ಸಾಲಾಗಿತ್ತು, ನೀವು ಅಲ್ಲಿಯವರೆಗೆ ಓದಿದಿರೋ ಇಲ್ಲವೋ.

ಇನ್ನು ನಿಮ್ಮ ಪತ್ರದ ಕೊನೆಯ ಸಾಲು. ಅರವತ್ತು ಕ್ಯಾಸೆಟ್ಟುಗಳು, ನೀವೇ ಮುದ್ರಿಸಿಕೊಂಡವು, ಅಟ್ಟದ ಮೇಲೆ. ಹಾಡಿದವರ ಒಪ್ಪಿಗೆ ಪಡೆದಿದ್ದಿರೋ ಎಂದು ಕೇಳಿ ನಿಮ್ಮನ್ನು ಮುಜುಗರಕ್ಕೆ ಒಡ್ಡುವುದಿಲ್ಲ. ಧಾರವಾಡದ ಮಳೆಗಾಲಗಳನ್ನು ಕಂಡ ಆ ಟೇಪುಗಳಿಗೆ ಬೂಷ್ಟು ಹಿಡಿಯುವ ಮೊದಲು ಅವುಗಳ ಪಟ್ಟಿಯೊಂದನ್ನು, ಹಾಡಿದವರು, ರಾಗ, ತಬಲಾ ಸಾಥ್, ಸಾಧ್ಯವಾದರೆ ದಿನಾಂಕ ಸಹಿತ, ಬರೆದು ಕಳಿಸಿರಿ. ಪ್ರತಿ ಮಾಡುವ ಯಂತ್ರ ನಮ್ಮ ಕಚೇರಿಯಲ್ಲಿದೆ. ಖಾಲಿ ಪೆನ್ ಡ್ರೈವ್ ಒಂದನ್ನೂ ಮರುಟಪಾಲಿನ ಅಂಚೆಚೀಟಿಗಳನ್ನೂ ಈ ಸಂಚಿಕೆಯ ಜೊತೆಯಲ್ಲೇ ನಿಮ್ಮ ವಿಳಾಸಕ್ಕೆ ಕಳಿಸುತ್ತಿದ್ದೇನೆ.
– ಸಂ.